ಎಐ ರೋಗಪತ್ತೆ ಕಂಪನಿಗೆ ದುಡ್ಡು ಹಾಕುವ ಮುಂಚೆ ಏನೇನು ಕೇಳಬೇಕು?

ಕಾಫಿಗೆ ಒಳ್ಳೆ ರೇಟು ಬಂದ ಮೇಲೆ ಒಂದೇ ಪ್ರಶ್ನೆ ಬೇರೆ ಬೇರೆಯವರ ಬಾಯಿಂದ ನನ್ನ ಹತ್ತಿರ ಬರುತ್ತಿದೆ. ಸಕಲೇಶಪುರದ ತೋಟದವರು ಕೇಳುತ್ತಾರೆ, ಮೂಡಿಗೆರೆಯವರು ಕೇಳುತ್ತಾರೆ, ಹಾಸನದಲ್ಲಿ ಸಣ್ಣ ನರ್ಸಿಂಗ್ ಹೋಂ ನಡೆಸುವ ಡಾಕ್ಟರುಗಳೂ ಕೇಳುತ್ತಾರೆ. "ನಮ್ಮ ಪರಿಚಯದ ಹುಡುಗ ಬೆಂಗಳೂರಲ್ಲಿ ಕಂಪನಿ ಮಾಡಿದ್ದಾನೆ. ಎಕ್ಸ್‌ರೇ ತೋರಿಸಿದರೆ ಎಐ ಕಾಯಿಲೆ ಹೇಳುತ್ತಂತೆ. ಹತ್ತು ಲಕ್ಷ ಹಾಕಿ ಅಂತಿದ್ದಾನೆ. ಹಾಕಬಹುದಾ?"

ಫೋನಿನಲ್ಲಿ ಹೂಂ ಅಥವಾ ಉಹೂಂ ಅಂದು ಮುಗಿಸುವ ಮಾತಲ್ಲ ಇದು. ನೀವೇ ಕೂತು ನೋಡುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ಕಂಪ್ಯೂಟರ್ ಓದಿರಬೇಕಿಲ್ಲ. ಆಸ್ಪತ್ರೆಗಳಿಗೆ ಯಂತ್ರ ಕೊಳ್ಳುವ ಕೆಲಸದಲ್ಲಿದ್ದಾಗ ನಾನು ಕಲಿತದ್ದು ಇಷ್ಟು: ಯಂತ್ರ ಕಾಯಿಲೆ ಹಿಡಿಯುವುದು ಅರ್ಧ ಕಥೆ. ಹಿಡಿದ ಮೇಲೆ ಆ ರೋಗಿ ಎಲ್ಲಿಗೆ ಹೋಗುತ್ತಾರೆ, ದುಡ್ಡು ಯಾರು ಕೊಡುತ್ತಾರೆ ಅಂತ ಕೇಳಿದಾಗ ಹೆಚ್ಚಿನವರು ತಡವರಿಸುತ್ತಾರೆ.

ಎರಡು ಪದ ಮೊದಲೇ ಹೇಳಿಬಿಡುತ್ತೇನೆ. ಹಣ ಕೇಳಲು ಕಂಪನಿಯವರು ಕೊಡುವ ವಿವರಣೆಗೆ ಪಿಚ್ ಅನ್ನುತ್ತಾರೆ. ಆಗ ತೋರಿಸುವ ಹತ್ತಿಪ್ಪತ್ತು ಸ್ಲೈಡುಗಳ ಕಟ್ಟು ಡೆಕ್.

ಏನೇನು ಸಿದ್ಧ ಇರಬೇಕು

ಡೆಕ್ಕನ್ನು ಭೇಟಿಗೆ ಮೂರು ದಿನ ಮೊದಲೇ ತರಿಸಿಕೊಳ್ಳಿ. ಆ ಕಾಯಿಲೆಯನ್ನು ದಿನಾ ನೋಡುವ ಒಬ್ಬ ಡಾಕ್ಟರನ್ನು ಜೊತೆಗಿಟ್ಟುಕೊಳ್ಳಿ. ಎದೆಯ ಎಕ್ಸ್‌ರೇ ಆದರೆ ರೇಡಿಯಾಲಜಿಸ್ಟ್ ಅಥವಾ ಶ್ವಾಸಕೋಶದ ಡಾಕ್ಟರು, ಕಣ್ಣಾದರೆ ರೆಟಿನಾ, ಅಂದರೆ ಕಣ್ಣಿನ ಒಳಗಿನ ಹಿಂಪರದೆ ನೋಡುವವರು. ಅವರು ಆ ಕಂಪನಿಯಲ್ಲಿ ಪಾಲು ಇಟ್ಟವರಾಗಿರಬಾರದು. ಕಾಗದಪತ್ರಕ್ಕೆ ಒಬ್ಬ ಸಿಎ ಅಥವಾ ಕಂಪನಿ ಸೆಕ್ರೆಟರಿ ಬೇಕು. ಎಲ್ಲಕ್ಕಿಂತ ಜಾಸ್ತಿ ಬೇಕಾದದ್ದು ಒಂದು ತಿಂಗಳ ಸಮಯ. "ಅಂಕಲ್, ಈ ಶುಕ್ರವಾರ ರೌಂಡ್ ಕ್ಲೋಸ್ ಆಗುತ್ತೆ, ಆಮೇಲೆ ದುಡ್ಡು ತಗೊಳ್ಳಲ್ಲ" ಅಂದರೆ, ಆಗಲಿ ಬಿಡಪ್ಪಾ ಅನ್ನಿ. ಕುಯ್ಲಿನ ಗಡಿಬಿಡಿಯಲ್ಲಂತೂ ಇಂಥ ತೀರ್ಮಾನ ಬೇಡವೇ ಬೇಡ.

ಹಂತ 1: ಒಂದೇ ವಾಕ್ಯದಲ್ಲಿ ಹೇಳಿಸಿ

ಯಾರಿಗೆ, ಯಾವ ಕಾಯಿಲೆ, ಏನು ನೋಡಿ, ಎಲ್ಲಿ ಕೂತು, ಉತ್ತರ ಯಾರ ಕೈಗೆ? ಈ ಐದೂ ಒಂದು ವಾಕ್ಯದಲ್ಲಿ ಬರಬೇಕು. "ಸಕ್ಕರೆ ಕಾಯಿಲೆ ಇರುವವರ ರೆಟಿನಾ ಫೋಟೋ ನೋಡಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ, ಕಣ್ಣಿನ ಡಾಕ್ಟರ ಹತ್ತಿರ ಕಳಿಸಬೇಕೋ ಬೇಡವೋ ಅಂತ ಅಲ್ಲಿನ ವೈದ್ಯಾಧಿಕಾರಿಗೆ ಹೇಳುತ್ತದೆ." ಇದು ಸರಿಯಾದ ವಾಕ್ಯ. "ಗ್ರಾಮೀಣ ಭಾರತದ ಆರೋಗ್ಯವನ್ನೇ ಬದಲಿಸುತ್ತೇವೆ" ಅನ್ನುವುದು ಭಾಷಣ. ಎಕ್ಸ್‌ರೇ, ಇಸಿಜಿ, ಚರ್ಮ, ಕೆಮ್ಮಿನ ಸದ್ದು ಎಲ್ಲವನ್ನೂ ಒಂದೇ ಆ್ಯಪ್ ನೋಡುತ್ತದೆ ಅಂದರೆ, ಯಾವುದನ್ನೂ ಸರಿಯಾಗಿ ನೋಡಿಲ್ಲ ಅಂತ ಇಟ್ಟುಕೊಳ್ಳಿ.

ಇನ್ನೊಂದು ಎಚ್ಚರಿಕೆ, ಇದು ನಮ್ಮ ಜಿಲ್ಲೆಯವರಿಗೇ. 2025ರ ಜೂನ್ ಹೊತ್ತಿಗೆ ಹಾಸನದ ಹೃದಯಾಘಾತದ ಸಾವುಗಳು ದಿನಾ ಸುದ್ದಿಯಾದವು. ಜನ ಹೆದರಿ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಸಾಲು ನಿಂತರು. ಅಸಹಜ ಏರಿಕೆ ಕಾಣುತ್ತಿಲ್ಲ ಅಂತ ಸರ್ಕಾರದ ತಜ್ಞರ ಸಮಿತಿ ವರದಿ ಕೊಟ್ಟಿತು. ಆದರೆ ಭಯ ವರದಿ ಓದಿ ಹೋಗುವಂಥದ್ದಲ್ಲ. ಡೆಕ್ಕಿನ ಮೊದಲ ಸ್ಲೈಡಿನಲ್ಲೇ ಆ ದಿನಗಳ ಪೇಪರ್ ಕಟಿಂಗ್ ಅಂಟಿಸಿದ್ದರೆ ಆ ಸ್ಲೈಡು ಬಿಟ್ಟು ಮುಂದಿನದಕ್ಕೆ ಹೋಗಿ. ಅಲ್ಲಿ ಮಾರುತ್ತಿರುವುದು ನಿಮ್ಮ ಭಯ.

ಹಂತ 2: "ಶೇಕಡಾ 95 ನಿಖರ" ಅನ್ನುವುದನ್ನು ಬಿಡಿಸಿ

ಎಲ್ಲ ಡೆಕ್ಕಿನಲ್ಲೂ ಇಂಥ ಒಂದು ಅಂಕಿ ದಪ್ಪಕ್ಷರದಲ್ಲಿ ಇರುತ್ತದೆ. ಹೆಚ್ಚು ಜನ ಜಾರುವುದೂ ಇಲ್ಲೇ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಅರೇಬಿಕಾ ಇರುವವರಿಗೆ ಇದು ಬೇಗ ಹತ್ತುತ್ತದೆ. ಕಾಂಡಕೊರಕ, ಅಂದರೆ ಬೋರರ್ ಹಿಡಿದ ಗಿಡ ಗುರುತು ಮಾಡಲು ಆಳು ಕಳಿಸುತ್ತೀರಿ. ಒಬ್ಬ ಆಳು ಸಿಕ್ಕ ಸಿಕ್ಕ ಗಿಡಕ್ಕೆಲ್ಲ ಗುರುತು ಹಾಕಿ ಬರುತ್ತಾನೆ. ಬೋರರ್ ಗಿಡ ಒಂದೂ ತಪ್ಪಿಲ್ಲ, ಆದರೆ ಒಳ್ಳೆ ಗಿಡ ಕಿತ್ತು ತೋಟ ಬೋಳಾಯಿತು. ಇನ್ನೊಬ್ಬ ಪೂರ್ತಿ ಒಣಗಿದ ಗಿಡಕ್ಕೆ ಮಾತ್ರ ಗುರುತು ಹಾಕುತ್ತಾನೆ. ಒಳ್ಳೆ ಗಿಡ ಉಳಿಯಿತು, ಹುಳುವೂ ಉಳಿಯಿತು. ಕಾಯಿಲೆ ಇರುವ ನೂರರಲ್ಲಿ ಎಷ್ಟನ್ನು ಹಿಡಿದ ಅನ್ನುವುದಕ್ಕೆ ಸೆನ್ಸಿಟಿವಿಟಿ ಅನ್ನುತ್ತಾರೆ. ಚೆನ್ನಾಗಿರುವ ನೂರರಲ್ಲಿ ಎಷ್ಟನ್ನು "ಚೆನ್ನಾಗಿದೆ" ಅಂತ ಬಿಟ್ಟ ಅನ್ನುವುದು ಸ್ಪೆಸಿಫಿಸಿಟಿ. ಎರಡನ್ನೂ ಬೇರೆ ಬೇರೆ ಕೇಳಬೇಕು. ಬರೀ "ನಿಖರತೆ" ಅಂದರೆ ಏನೂ ಗೊತ್ತಾಗುವುದಿಲ್ಲ. ಸಾವಿರ ಜನರಲ್ಲಿ ಹತ್ತು ಜನಕ್ಕೆ ಮಾತ್ರ ಕಾಯಿಲೆ ಇದ್ದಾಗ, ಎಲ್ಲರಿಗೂ "ಏನೂ ಇಲ್ಲ" ಅನ್ನುವ ಖಾಲಿ ಡಬ್ಬವೂ ಶೇಕಡಾ 99 ನಿಖರ!

ಈಗ ನೋಟ್‌ಬುಕ್ ತೆಗೆಯಿರಿ. ಸೆನ್ಸಿಟಿವಿಟಿ 90, ಸ್ಪೆಸಿಫಿಸಿಟಿ 90 ಇರುವ ಯಂತ್ರ ಅಂತಿಟ್ಟುಕೊಳ್ಳಿ. ಕೇಳಲು ಚೆನ್ನಾಗಿದೆ ಅಲ್ವಾ? ಅದನ್ನು ಹಳ್ಳಿಯ ಶಿಬಿರಕ್ಕೆ ಒಯ್ದಿರಿ. ಸಾವಿರ ಜನ ಬಂದರು, ಹತ್ತು ಜನಕ್ಕೆ ಕಾಯಿಲೆ ಇದೆ. ಯಂತ್ರ ಒಂಬತ್ತು ಜನರನ್ನು ಹಿಡಿಯುತ್ತದೆ, ಒಬ್ಬರನ್ನು ಬಿಡುತ್ತದೆ. ಉಳಿದ 990 ಆರೋಗ್ಯವಂತರಲ್ಲಿ 99 ಜನಕ್ಕೆ ಸುಮ್ನೆ ಕಾಯಿಲೆ ಅಂಟಿಸುತ್ತದೆ. ಒಟ್ಟು 108 ಜನಕ್ಕೆ ಪಾಸಿಟಿವ್, ಅದರಲ್ಲಿ ನಿಜವಾದ ರೋಗಿಗಳು ಒಂಬತ್ತು. ಹನ್ನೆರಡರಲ್ಲಿ ಒಬ್ಬರು.

ಅದೇ ಯಂತ್ರವನ್ನು ದೊಡ್ಡಾಸ್ಪತ್ರೆಯ ಎದೆರೋಗದ ಹೊರರೋಗಿ ವಿಭಾಗದಲ್ಲಿಡಿ. ಅಲ್ಲಿಗೆ ಬರುವ ಸಾವಿರದಲ್ಲಿ 300 ಜನಕ್ಕೆ ಕಾಯಿಲೆ ಇದೆ ಅಂತಿಟ್ಟುಕೊಂಡರೆ 270 ಜನ ಸಿಗುತ್ತಾರೆ, ತಪ್ಪು ಪಾಸಿಟಿವ್ 70. ಈಗ ಪಾಸಿಟಿವ್ ಬಂದ ನೂರರಲ್ಲಿ ಸುಮಾರು 79 ಜನ ನಿಜವಾದ ರೋಗಿಗಳು. ಯಂತ್ರ ಅದೇ, ಜಾಗ ಬದಲಾಯಿತು ಅಷ್ಟೇ. ಆಸ್ಪತ್ರೆಯಲ್ಲಿ ತೆಗೆದ ಅಂಕಿ ತೋರಿಸಿ ಶಿಬಿರಕ್ಕೆ ಮಾರುತ್ತಿದ್ದಾರಾ ಅಂತ ನೋಡಬೇಕಾದದ್ದು ಇದಕ್ಕೇ.

ನಾಲ್ಕು ಅಂಕಿ ಬರೆದುಕೊಡಿ ಅನ್ನಿ: ರೋಗಿಗಳಲ್ಲಿ ಹಿಡಿದದ್ದು, ರೋಗಿಗಳಲ್ಲಿ ತಪ್ಪಿಸಿಕೊಂಡದ್ದು, ಚೆನ್ನಾಗಿರುವವರನ್ನು ಸರಿಯಾಗಿ ಬಿಟ್ಟದ್ದು, ಚೆನ್ನಾಗಿರುವವರನ್ನು ತಪ್ಪಾಗಿ ಹಿಡಿದದ್ದು. ಶೇಕಡಾವಾರು ಬೇಡ, ತಲೆ ಎಣಿಕೆ ಬೇಕು. ಮೂವತ್ತೇ ರೋಗಿಗಳ ಮೇಲೆ ಪರೀಕ್ಷಿಸಿ ಶೇಕಡಾ 97 ಅಂದವರು ಆಗ ಸಿಕ್ಕಿಬೀಳುತ್ತಾರೆ. "ಎಯುಸಿ 0.97" ಅಂತ ತೋರಿಸಿದರೂ ಇದನ್ನೇ ಕೇಳಿ. ಎಯುಸಿ ಅಂದರೆ ರೋಗಿಗೆ ಆರೋಗ್ಯವಂತರಿಗಿಂತ ಹೆಚ್ಚು ಅಂಕ ಕೊಡುವ ಸಾಮರ್ಥ್ಯದ ಒಟ್ಟಾರೆ ಲೆಕ್ಕ. ಎಷ್ಟು ಅಂಕ ದಾಟಿದರೆ ರೋಗಿ ಅಂತ ಗೆರೆ ಎಳೆದಿದ್ದಾರೆ, ಆ ಗೆರೆಯಲ್ಲಿ ಎಷ್ಟು ತಪ್ಪು ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ.

ಹಂತ 3: ಸ್ಯಾಂಪಲ್ ಎಲ್ಲಿಂದ ತೆಗೆದರು?

ಮೂಟೆಯ ಮೇಲಿನ ಬೀಜ ನೋಡಿ ಯಾರಾದರೂ ಕಾಫಿ ಕೊಳ್ಳುತ್ತಾರಾ? ಕೈ ಒಳಗೆ ಹಾಕಿ, ಬೇರೆ ಬೇರೆ ಮೂಟೆಯಿಂದ ತೆಗೆದು, ಔಟ್‌ಟರ್ನ್, ಅಂದರೆ ಸಿಪ್ಪೆ ತೆಗೆದ ಮೇಲೆ ಎಷ್ಟು ಬೀಜ ಸಿಗುತ್ತದೆ ಅಂತ ನೋಡಿ, ತೇವ ನೋಡಿ ಆಮೇಲೆ ಮಾತು. ಇಲ್ಲೂ ಅಷ್ಟೇ.

ಎಐ ಮಾಡೆಲ್ ಅಂದರೆ ಸಾವಿರಾರು ಹಳೆಯ ಚಿತ್ರ, ಅದರ ಜೊತೆಗೆ ಉತ್ತರ ಕೊಟ್ಟು ತಯಾರು ಮಾಡಿದ ಸಾಫ್ಟ್‌ವೇರ್. ಕಲಿಸಿದ ಚಿತ್ರಗಳಲ್ಲೇ ಪರೀಕ್ಷೆ ಮಾಡಿದರೆ ಎಸ್‌ಎಸ್‌ಎಲ್‌ಸಿ ಪೇಪರ್ ಮೊದಲೇ ಲೀಕ್ ಆದ ಹಾಗೆ. ಲೀಕ್ ಆಗುವುದು ಸೂಕ್ಷ್ಮವಾಗಿಯೂ ಇರುತ್ತದೆ. ಒಬ್ಬರದೇ ಎರಡು ಎಕ್ಸ್‌ರೇಗಳಲ್ಲಿ ಒಂದು ಕಲಿಕೆಗೆ, ಇನ್ನೊಂದು ಪರೀಕ್ಷೆಗೆ ಹೋಗಿರುತ್ತದೆ. ಕೇಳಬೇಕಾದ ಪ್ರಶ್ನೆ: "ಕಲಿಕೆಗೆ ಚಿತ್ರ ಕೊಡದ, ಬೇರೆ ಊರಿನ ಬೇರೆ ಆಸ್ಪತ್ರೆಯಲ್ಲಿ ಪರೀಕ್ಷೆ ಆಗಿದೆಯಾ?"

ಇದು ಬರೀ ಸಂಶಯ ಅಂದುಕೊಳ್ಳಬೇಡಿ. ಕೋವಿಡ್ ಕಾಲದಲ್ಲಿ ಎದೆಯ ಎಕ್ಸ್‌ರೇ, ಸಿಟಿ ನೋಡಿ ಕೋವಿಡ್ ಹೇಳುವ ಮಾಡೆಲ್‌ಗಳ ಪ್ರಬಂಧಗಳು ರಾಶಿ ಬಂದವು. 2021ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಮರ್ಶೆ ಅವುಗಳಲ್ಲಿ 62ನ್ನು ಆಳವಾಗಿ ನೋಡಿತು. ಆಸ್ಪತ್ರೆಯಲ್ಲಿ ಬಳಸಲು ಒಂದೂ ಯೋಗ್ಯವಿರಲಿಲ್ಲ. ಕೆಲವರು ಕೋವಿಡ್ ಇಲ್ಲದವರ ಚಿತ್ರ ಅಂತ ಮಕ್ಕಳ ಎಕ್ಸ್‌ರೇ ಸೇರಿಸಿದ್ದರು. ಮಾಡೆಲ್ ಕಲಿತದ್ದು ದೊಡ್ಡವರು ಯಾರು, ಮಕ್ಕಳು ಯಾರು ಅನ್ನುವುದನ್ನು!

ಉತ್ತರ ಬರೆದವರು ಯಾರು ಅಂತಲೂ ಕೇಳಿ. ಕ್ಷಯ ಅಂದರೆ ಟಿಬಿಯ ವಿಷಯದಲ್ಲಿ, ಕಫದ ಪರೀಕ್ಷೆಯಲ್ಲಿ ಖಚಿತವಾದವರನ್ನೇ ರೋಗಿ ಅಂತ ಲೆಕ್ಕ ಹಿಡಿದರಾ? ಒಬ್ಬ ಡಾಕ್ಟರು ಎಕ್ಸ್‌ರೇ ನೋಡಿ "ಇರಬಹುದು" ಅಂದದ್ದನ್ನೇ ಉತ್ತರ ಅಂತ ಇಟ್ಟಿದ್ದರೆ, ಯಂತ್ರ ಕಲಿತದ್ದು ಆ ಡಾಕ್ಟರ ಅಂದಾಜು. ಒಳ್ಳೆಯ ಸಾಕ್ಷ್ಯ ಹೇಗಿರುತ್ತದೆ ಅನ್ನಲು ಟಿಬಿಯೇ ಉದಾಹರಣೆ. ಎಕ್ಸ್‌ರೇ ಓದುವ ಇಂಥ ಸಾಫ್ಟ್‌ವೇರನ್ನು ಟಿಬಿ ತಪಾಸಣೆಗೆ ಬಳಸಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು, ಅದೂ 15 ವರ್ಷ ಮತ್ತು ಮೇಲಿನವರಿಗೆ. ನಿಮ್ಮ ಹುಡುಗನ ಡೆಕ್ಕಿನಲ್ಲಿ ಅಂಗನವಾಡಿ ಮಕ್ಕಳ ಫೋಟೋ ಇದ್ದರೆ ಅಲ್ಲೇ ತಡೆದು ಕೇಳಿ.

ನಮ್ಮಲ್ಲಿ ಅಧ್ಯಯನ ನಡೆದಿದೆ ಅಂದರೆ ಸಿಟಿಆರ್‌ಐ ನೋಂದಣಿ ಸಂಖ್ಯೆ, ನೈತಿಕ ಸಮಿತಿಯ ಒಪ್ಪಿಗೆ ಪತ್ರ ಕೇಳಿ. ಸಿಟಿಆರ್‌ಐ ಅಂದರೆ ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ನಡೆಸುವ ವೈದ್ಯಕೀಯ ಅಧ್ಯಯನಗಳ ದಾಖಲೆ. ಯಾರು ಬೇಕಾದರೂ ದುಡ್ಡು ಕೊಡದೆ ಹುಡುಕಿ ನೋಡಬಹುದು.

ಡೆಮೊ ಬಗ್ಗೆ ಒಂದು ಮಾತು. ಅವರ ಲ್ಯಾಪ್‌ಟಾಪಿನಲ್ಲಿ ಅವರದೇ ಚಿತ್ರಗಳನ್ನು ಹಾಕಿ ತೋರಿಸಿದ್ದು ಲೆಕ್ಕಕ್ಕಿಲ್ಲ. ನರ್ಸಿಂಗ್ ಹೋಂನವರು ನೀವಾದರೆ, ಹೆಸರು, ನಂಬರು ಎಲ್ಲ ತೆಗೆದ, ಉತ್ತರ ಖಚಿತವಿರುವ ನಿಮ್ಮ ಹಳೆಯ ಐವತ್ತು ಚಿತ್ರಗಳನ್ನು ಕಲಸಿ ಕೊಡಿ. ಅದಕ್ಕೆ ಬೇಕಾದ ಒಪ್ಪಿಗೆ ಮೊದಲು ತೆಗೆದುಕೊಳ್ಳಿ, ವಾಟ್ಸಾಪಿನಲ್ಲಂತೂ ಕಳಿಸಲೇಬೇಡಿ. ಐವತ್ತರಿಂದ ಏನೂ ಸಾಬೀತಾಗುವುದಿಲ್ಲ ನಿಜ. ಆದರೆ "ನಿಮ್ಮ ಮಷೀನಿನ ಚಿತ್ರ ನಮ್ಮದಕ್ಕೆ ಸೆಟ್ ಆಗಲ್ಲ" ಅನ್ನುವ ಮಾತು ಅಲ್ಲೇ ಹೊರಗೆ ಬರುತ್ತದೆ.

ಹಂತ 4: ಮಳೆಗಾಲದಲ್ಲಿ ಒಂದು ಸಲ ಓಡಿಸಿ ನೋಡಿ

ಗೂಗಲ್ ಹತ್ತಿರ ದುಡ್ಡಿಗೂ ಬುದ್ಧಿಗೂ ಬರವಿಲ್ಲ. ಸಕ್ಕರೆ ಕಾಯಿಲೆಯಿಂದ ಹಾಳಾಗುವ ರೆಟಿನಾ ಗುರುತಿಸುವ ಅವರ ಸಾಫ್ಟ್‌ವೇರ್ ಪ್ರಯೋಗದಲ್ಲಿ ಡಾಕ್ಟರುಗಳಿಗೆ ಸಮನಾಗಿತ್ತು. ಅದನ್ನು ಥಾಯ್ಲೆಂಡಿನ 11 ಕ್ಲಿನಿಕ್‌ಗಳಿಗೆ ಒಯ್ದಾಗ ಏನಾಯಿತು ಅಂತ 2020ರಲ್ಲಿ ಅವರೇ ಬರೆದರು. ಸುಮಾರು 1,800 ಚಿತ್ರಗಳಲ್ಲಿ ಐದರಲ್ಲೊಂದನ್ನು ಸಾಫ್ಟ್‌ವೇರ್ "ಸ್ಪಷ್ಟವಿಲ್ಲ" ಅಂತ ವಾಪಸ್ ಕಳಿಸಿತ್ತು. ಕೋಣೆ ಕತ್ತಲೆ ಇರಲಿಲ್ಲ, ಇಂಟರ್ನೆಟ್ ನಿಧಾನ. ಹಾಗೆ ಚಿತ್ರ ವಾಪಸ್ ಬಂದವರು ಇನ್ನೊಂದು ದಿನ ಡಾಕ್ಟರ ಹತ್ತಿರ ಹೋಗಬೇಕಿತ್ತು.

ಕಳಸ, ಕೊಪ್ಪ ಕಡೆ ಜುಲೈನಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತೆ ಅಂತ ನಿಮಗೆ ನಾನು ಹೇಳಬೇಕಾ? ಸಾಫ್ಟ್‌ವೇರ್ ಆಸ್ಪತ್ರೆಯ ಕಂಪ್ಯೂಟರಿನಲ್ಲೇ ಓಡುತ್ತದೋ, ಚಿತ್ರ ದೂರದ ಸರ್ವರಿಗೆ ಹೋಗಬೇಕೋ ಕೇಳಿ. ಹೋಗಬೇಕಾದರೆ, ನೆಟ್ ಇಲ್ಲದ ಎರಡು ದಿನ ಏನು ಗತಿ? ನಮ್ಮ ಕಡೆಯ ಹಳೆಯ ಎಕ್ಸ್‌ರೇ ಯಂತ್ರಗಳ ಚಿತ್ರ ಓದುತ್ತದಾ? ಫಿಲ್ಮನ್ನು ಮೊಬೈಲಿನಲ್ಲಿ ಫೋಟೋ ಹೊಡೆದು ಕೊಟ್ಟರೆ? ಕಣ್ಣಿನಲ್ಲಿ ಪೊರೆ ಇರುವ ಅಜ್ಜಿಯ ರೆಟಿನಾ ಮಸುಕಾಗಿ ಬಂದರೆ? ಎಷ್ಟು ಚಿತ್ರ ತಿರಸ್ಕಾರವಾಗುತ್ತದೆ ಅನ್ನುವ ಅಂಕಿ ಅವರ ಹತ್ತಿರ ಇಲ್ಲದಿದ್ದರೆ ಅವರು ನಿಜವಾದ ಆಸ್ಪತ್ರೆಯಲ್ಲಿ ಇನ್ನೂ ಕೂತಿಲ್ಲ.

ಹಂತ 5: ಲೈಸೆನ್ಸ್ ಕಾಗದ ಓದಿ, ಲೋಗೋ ನೋಡಬೇಡಿ

ರೋಗ ಪತ್ತೆಗೆ ಬಳಸುವ ಸಾಫ್ಟ್‌ವೇರ್ ನಮ್ಮಲ್ಲಿ ಕಾನೂನಿನ ಪ್ರಕಾರ ವೈದ್ಯಕೀಯ ಸಾಧನ. 2017ರ ವೈದ್ಯಕೀಯ ಸಾಧನಗಳ ನಿಯಮಗಳು ಇದಕ್ಕೆ ಅನ್ವಯಿಸುತ್ತವೆ. ಅಪಾಯ ನೋಡಿ ಎ, ಬಿ, ಸಿ, ಡಿ ಅಂತ ನಾಲ್ಕು ವರ್ಗ. ಎ, ಬಿ ವರ್ಗದ ತಯಾರಿಕೆಗೆ ರಾಜ್ಯದ ಪ್ರಾಧಿಕಾರ ಎಂಡಿ-5 ಲೈಸೆನ್ಸ್ ಕೊಡುತ್ತದೆ. ಸಿ, ಡಿ ವರ್ಗಕ್ಕೆ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಸಿಡಿಎಸ್‌ಸಿಒ ಎಂಡಿ-9 ಕೊಡುತ್ತದೆ. ಸಿ, ಡಿಗೂ 2023ರ ಅಕ್ಟೋಬರ್‌ನಿಂದ ಲೈಸೆನ್ಸ್ ಕಡ್ಡಾಯ. "ನಿಮ್ಮದು ಯಾವ ವರ್ಗ, ಲೈಸೆನ್ಸ್ ತೋರಿಸಿ" ಅನ್ನುವುದು ಒರಟು ಮಾತಲ್ಲ.

ಇಲ್ಲಿ ಮೂರು ಕಡೆ ಮೋಸ ಹೋಗುತ್ತಾರೆ. ಒಂದು, ಎಂಡಿ-13 ತೋರಿಸಿ ಲೈಸೆನ್ಸ್ ಇದೆ ಅನ್ನುವುದು. ಅದು ಪರೀಕ್ಷೆಗಾಗಿ ತಯಾರಿಸಲು ಕೊಟ್ಟ ಅನುಮತಿ, ಮಾರಾಟಕ್ಕಲ್ಲ. ಎರಡು, ಐಎಸ್ಒ 13485. ತಯಾರಿಕೆಯ ಕ್ರಮ ಸರಿಯಿದೆ ಅನ್ನುವ ಪತ್ರ ಅದು, ಯಂತ್ರ ಕಾಯಿಲೆ ಹಿಡಿಯುತ್ತದೆ ಅನ್ನುವುದಕ್ಕೆ ಪುರಾವೆಯಲ್ಲ. ಮೂರು, "ಅಮೆರಿಕದ ಎಫ್‌ಡಿಎ ರಿಜಿಸ್ಟರ್ಡ್". ಎಫ್‌ಡಿಎ ಅಂದರೆ ಅಲ್ಲಿನ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ. ಕಂಪನಿ ಹೆಸರು ನೋಂದಾಯಿಸುವುದೇ ಬೇರೆ, ಆ ಸಾಧನಕ್ಕೆ ಒಪ್ಪಿಗೆ ಸಿಗುವುದೇ ಬೇರೆ. ಹೊಸ ಕಂಪನಿಗಳಿಗೆ ಕೇಂದ್ರ ಸರ್ಕಾರ ಕೊಡುವ ಸ್ಟಾರ್ಟಪ್ ಇಂಡಿಯಾ ಮಾನ್ಯತೆಯೂ ಹಾಗೇ, ಯಂತ್ರವನ್ನು ಯಾರೂ ಪರೀಕ್ಷೆ ಮಾಡಿ ಕೊಟ್ಟದ್ದಲ್ಲ.

ಇನ್ನೆರಡು ಬೇಲಿಗಳಿವೆ. ಎಐ ತಾನೇ ರೋಗಿಗೆ ಸಲಹೆ ಕೊಡುವಂತಿಲ್ಲ, ಔಷಧಿ ಬರೆಯುವಂತಿಲ್ಲ, ಡಾಕ್ಟರಿಗೆ ನೆರವಾಗಬಹುದು ಅಷ್ಟೇ ಅಂತ 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಹೇಳುತ್ತದೆ. "ಡಾಕ್ಟರೇ ಬೇಕಾಗಿಲ್ಲ" ಅನ್ನುವ ಸ್ಲೈಡು ಕಂಡರೆ ಡೆಕ್ ಮುಚ್ಚಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ ಜನರ ಮಾಹಿತಿಗೆ ಸರಿಯಾದ ಕಾವಲು ಇಡದಿದ್ದರೆ ₹250 ಕೋಟಿವರೆಗೂ ದಂಡ ಇದೆ. ಕಲಿಕೆಗೆ ಬಳಸಿದ ಚಿತ್ರಗಳು ಯಾವ ಒಪ್ಪಂದದಲ್ಲಿ ಬಂದವು, ಆ ಪತ್ರ ಎಲ್ಲಿ ಅಂತ ಕೇಳಿ. ಪರಿಚಯದ ಟೆಕ್ನೀಷಿಯನ್ ಪೆನ್‌ಡ್ರೈವಿನಲ್ಲಿ ಕೊಟ್ಟ ಅಂದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಹಂತ 6: ಒಬ್ಬ ರೋಗಿಯ ಹಿಂದೆ ಕೊನೆತನಕ ನಡೆಯಿರಿ

ನಾನು ಎಲ್ಲರಿಗೂ ಮಾಡಿ ಅನ್ನುವುದು ಇದೊಂದನ್ನೇ. ಹುಡುಗನನ್ನು ಎದುರಿಗೆ ಕೂರಿಸಿಕೊಂಡು ಕಾಗದದ ಮೇಲೆ ಬರೆಸಿ. ಮೂಡಿಗೆರೆ ಕಡೆಯ ಒಂದು ಎಸ್ಟೇಟಿನ ಲೈನ್ ಮನೆಯಲ್ಲಿರುವ ಹೆಣ್ಣಾಳು. ಐವತ್ತು ವರ್ಷ, ಎಂಟು ವರ್ಷದಿಂದ ಸಕ್ಕರೆ ಕಾಯಿಲೆ. ಶಿಬಿರದಲ್ಲಿ ಕಣ್ಣಿನ ಫೋಟೋ ತೆಗೆದರು, "ಕಳಿಸಿ" ಅಂತ ಬಂತು. ಆಮೇಲೆ?

ಅವರಿಗೆ ಯಾರು ಹೇಳುತ್ತಾರೆ, ಯಾವ ಭಾಷೆಯಲ್ಲಿ? ಲೇಸರ್ ಚಿಕಿತ್ಸೆ ಹತ್ತಿರದಲ್ಲಿ ಎಲ್ಲಿದೆ? ಬಸ್ಸಿನ ಖರ್ಚು ಎಷ್ಟು, ಎಷ್ಟು ದಿನದ ಕೂಲಿ ಹೋಗುತ್ತದೆ? ಅವರು ಹೋದರೋ ಇಲ್ಲವೋ ಕಂಪನಿಗೆ ಗೊತ್ತಾಗುವುದು ಹೇಗೆ? ಅವರು ಹೋಗದಿದ್ದರೆ ಯಂತ್ರ ಹಿಡಿದೂ ಪ್ರಯೋಜನವಾಗಲಿಲ್ಲ. ಪ್ರಯೋಜನ ಕಾಣದ ಆಸ್ಪತ್ರೆ ಎರಡನೇ ವರ್ಷ ದುಡ್ಡು ಕಟ್ಟುವುದಿಲ್ಲ. ನಿಮ್ಮ ಹತ್ತು ಲಕ್ಷ ಮುಳುಗುವುದು ಹೀಗೆಯೇ.

ಪ್ರತಿ ಹೆಜ್ಜೆಯ ಪಕ್ಕದಲ್ಲಿ ದುಡ್ಡು ಯಾರದ್ದು ಅಂತ ಬರೆಸಿ. ರೋಗಿ ಕೊಡುತ್ತಾರಾ, ಆಸ್ಪತ್ರೆಯಾ, ಸರ್ಕಾರವಾ? ಸರ್ಕಾರ ಅಂದರೆ ಟೆಂಡರ್, ಟೆಂಡರ್ ಅಂದರೆ ಬಿಲ್ ಪಾಸಾಗುವ ತನಕ ಸಂಬಳ ಕೊಡಲು ಬೇರೆ ದುಡ್ಡು ಬೇಕು. ಉಚಿತವಾಗಿ ಸಿಗುವುದರ ಎದುರು ಮಾರಬೇಕಾ ಅಂತಲೂ ನೋಡಿ. ಇಸಿಜಿ ಪಿಚ್‌ಗಳಲ್ಲಿ ಇದು ಜಾಸ್ತಿ. ರಾಜ್ಯದಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದೆ. ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಕೇಂದ್ರದ ತಜ್ಞರು ನೋಡುತ್ತಾರೆ. ಹೃದಯಾಘಾತ ಅಂತಾದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಅಲ್ಲೇ ಉಚಿತ. ಈ ಯೋಜನೆಯ ಹೆಸರೇ ಡೆಕ್ಕಿನಲ್ಲಿಲ್ಲದಿದ್ದರೆ, ಹುಡುಗ ನಮ್ಮ ಕಡೆಯ ಆಸ್ಪತ್ರೆಗೆ ಕಾಲಿಟ್ಟಿಲ್ಲ ಅಂತಲೇ ಅರ್ಥ.

"ನಾಲ್ಕು ಆಸ್ಪತ್ರೆಯಲ್ಲಿ ಬಳಸುತ್ತಿದ್ದಾರೆ" ಅಂದರೆ ನಾಲ್ಕಕ್ಕೂ ನೀವೇ ಫೋನ್ ಮಾಡಿ. ಮಾಲೀಕರ ಹತ್ತಿರ ಬೇಡ, ಟೆಕ್ನೀಷಿಯನ್ ಹತ್ತಿರ ಮಾತಾಡಿ. "ನಿನ್ನೆ ಎಷ್ಟು ಸಲ ಆನ್ ಮಾಡಿದ್ರಿ?" ಇಷ್ಟು ಸಾಕು.

ಹಂತ 7: ಷೇರಿನ ಕಾಗದ

ಇದನ್ನು ಸಿಎಗೆ ಬಿಡಿ, ಆದರೆ ಇಷ್ಟು ಗೊತ್ತಿರಲಿ. ಹತ್ತು ಲಕ್ಷಕ್ಕೆ ಶೇಕಡಾ 1 ಪಾಲು ಅಂದರೆ ಕಂಪನಿಯ ಬೆಲೆ ಹತ್ತು ಕೋಟಿ ಅಂತ ಹೇಳಿದಂತೆ. ಇದಕ್ಕೆ ವ್ಯಾಲ್ಯುಯೇಷನ್ ಅನ್ನುತ್ತಾರೆ. ಹೋದ ವರ್ಷ ಕಂಪನಿಯ ವಹಿವಾಟು ಎಷ್ಟು ಅಂತ ಕೇಳಿ ಪಕ್ಕದಲ್ಲಿಟ್ಟು ನೋಡಿ.

ಖಾಸಗಿ ಕಂಪನಿ ಷೇರು ಕೊಡುವಾಗ 2013ರ ಕಂಪನಿ ಕಾಯ್ದೆಯ ಸೆಕ್ಷನ್ 42ರ ಪ್ರಕಾರ ಹೆಸರು ಹಾಕಿದ ಪ್ರಸ್ತಾಪ ಪತ್ರ ಕೊಡಬೇಕು. ದುಡ್ಡು ಬ್ಯಾಂಕಿನ ಮೂಲಕವೇ ಹೋಗಬೇಕು, ನಗದು ಕೊಡುವಂತಿಲ್ಲ. ದುಡ್ಡು ಬಂದ 60 ದಿನದೊಳಗೆ ಷೇರು ಹಂಚಬೇಕು. ಆಗದಿದ್ದರೆ ಮುಂದಿನ 15 ದಿನದಲ್ಲಿ ವಾಪಸ್ ಕೊಡಬೇಕು, ಅದೂ ತಪ್ಪಿದರೆ ಶೇಕಡಾ 12 ಬಡ್ಡಿ. ಹಾಗೆಯೇ ಇದನ್ನು ಸಾರ್ವಜನಿಕವಾಗಿ ಜಾಹೀರಾತು ಮಾಡುವಂತಿಲ್ಲ. ಊರಿನ ವಾಟ್ಸಾಪ್ ಗುಂಪಿಗೆ "ಹೂಡಿಕೆಗೆ ಅವಕಾಶ" ಅಂತ ಹಾಕಿದ್ದರೆ ನಿಯಮ ಗೊತ್ತಿಲ್ಲ, ಇಲ್ಲ ಗೊತ್ತಿದ್ದೂ ಮಾಡಿದ್ದಾರೆ.

"ಈಗ ಸಾಲದ ಥರ ಕೊಡಿ, ಆಮೇಲೆ ಷೇರು ಮಾಡೋಣ" ಅಂದರೆ ಅದು ಕನ್ವರ್ಟಿಬಲ್ ನೋಟ್. ಮಾನ್ಯತೆ ಪಡೆದ ಸ್ಟಾರ್ಟಪ್ ಅದನ್ನು ಒಬ್ಬರಿಂದ ಒಂದೇ ಕಂತಿನಲ್ಲಿ ₹25 ಲಕ್ಷ ಅಥವಾ ಹೆಚ್ಚು ಪಡೆಯಬೇಕು. ಹತ್ತು ಲಕ್ಷದ ನೋಟ್ ಅಂದವರಿಗೆ, ನಮ್ಮ ಸಿಎ ಹತ್ತಿರ ಮಾತಾಡಿ ಅನ್ನಿ. ಕಂಪನಿಯ ಹೆಸರು, ನಿರ್ದೇಶಕರು, ಸಾಲದ ಮೇಲಿನ ಅಡಮಾನ ಎಲ್ಲ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಪೋರ್ಟಲಿನಲ್ಲಿ ಸಿಗುತ್ತದೆ. ಸಾಫ್ಟ್‌ವೇರಿನ ಹಕ್ಕು ಕಂಪನಿಯ ಹೆಸರಿನಲ್ಲಿದೆಯಾ ನೋಡಿ. ಹುಡುಗ ಓದಿದ ಕಾಲೇಜಿನದೋ, ಹಿಂದಿನ ಕೆಲಸದ ಕಂಪನಿಯದೋ ಆಗಿದ್ದರೆ ನೀವು ಕೊಳ್ಳುವ ಪಾಲಿನಲ್ಲಿ ಅದು ಸೇರುವುದಿಲ್ಲ.

ಹಂತ 8: ಎಷ್ಟು ಹಾಕುವುದು, ಹೇಗೆ ಹಾಕುವುದು

ಪೂರ್ತಿ ಹೋದರೂ ಮುಂದಿನ ವರ್ಷದ ಗೊಬ್ಬರಕ್ಕೆ, ಮಕ್ಕಳ ಫೀಸಿಗೆ ಕೈ ಕಟ್ಟದಷ್ಟು ಮಾತ್ರ. ಈ ಷೇರನ್ನು ಬೇಕಾದಾಗ ಮಾರಿ ದುಡ್ಡು ಮಾಡಿಕೊಳ್ಳಲು ಆಗುವುದಿಲ್ಲ, ಐದಾರು ವರ್ಷ ಕಾಯಬೇಕಾಗಬಹುದು. ಸಾಧ್ಯವಾದರೆ ಎರಡು ಕಂತು ಮಾಡಿ, ಎರಡನೆಯದನ್ನು ಲೈಸೆನ್ಸಿಗೋ ಹೊರಗಿನ ಆಸ್ಪತ್ರೆಯ ಪರೀಕ್ಷೆಗೋ ಕಟ್ಟಿಹಾಕಿ.

ಹುಡುಗ ಅಣ್ಣನ ಮಗನೋ ಭಾವನ ಮಗನೋ ಆದರೆ ಬೇಡ ಅನ್ನುವುದೇ ದೊಡ್ಡ ಕಷ್ಟ. "ನಿನ್ನ ಯಂತ್ರ ಚೆನ್ನಾಗಿದೆ ಕಣಪ್ಪಾ, ಆ ಹೆಣ್ಣಾಳಿನ ದಾರಿ ಪೂರ್ತಿ ಬರೆದುಕೊಂಡು ಬಾ, ಆಮೇಲೆ ಮಾತಾಡೋಣ" ಅನ್ನಿ. ಬರೆದುಕೊಂಡು ಬಂದರೆ ನಿಜಕ್ಕೂ ಮಾತಾಡಿ. ಅಂಥವರು ಕಮ್ಮಿ.

ಹಾಕಿದಿರಿ ಅಂತಾದರೆ ಮೂರು ತಿಂಗಳಿಗೊಮ್ಮೆ ಒಂದು ಹಾಳೆ ಕೊಡಬೇಕು ಅಂತ ಒಪ್ಪಂದದಲ್ಲೇ ಬರೆಸಿ. ಎಷ್ಟು ಜನರ ತಪಾಸಣೆಯಾಯಿತು, ಎಷ್ಟು ಚಿತ್ರ ತಿರಸ್ಕಾರವಾಯಿತು, ಎಷ್ಟು ಪಾಸಿಟಿವ್ ಬಂತು, ಅವರಲ್ಲಿ ಎಷ್ಟು ಜನ ನಿಜವಾಗಿ ಡಾಕ್ಟರ ಹತ್ತಿರ ಹೋದರು, ಬ್ಯಾಂಕಿನಲ್ಲಿ ಇನ್ನೆಷ್ಟು ತಿಂಗಳ ಖರ್ಚಿಗೆ ದುಡ್ಡಿದೆ. ನಾಲ್ಕನೇ ಅಂಕಿಯ ಜಾಗ ಎರಡು ಸಲ ಖಾಲಿ ಬಂದರೆ ಎರಡನೇ ಕಂತು ತಡೆಹಿಡಿಯುವ ಹಕ್ಕು ನಿಮಗಿರಲಿ. ಅದನ್ನೂ ಅದೇ ಒಪ್ಪಂದದಲ್ಲಿ ಸೇರಿಸಿ.